ನಿಂತು ನೋಡುವವರ ಜಾಗ

ಕಳೆದ ಫೆಬ್ರವರಿಯಲ್ಲಿ ಆಫೀಸಿನ ಕೆಲಸದ ಮೇಲೆ ಎರಡು ವಾರ ಅಮೆರಿಕದ ರಾಲಿಗೆ ಹೋಗಿದ್ದೆ. ರಾಲಿ ಉತ್ತರ ಕೆರೊಲಿನಾ ರಾಜ್ಯದ ರಾಜಧಾನಿ, ನಾನು ಎಂ.ಎಸ್. ಓದಿದ ಊರು. ಶನಿವಾರ ಅಲ್ಲಿನ ಟೀಮಿನವರು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದರು. ನನ್ನ ಹಳೆಯ ವಿಶ್ವವಿದ್ಯಾಲಯದ್ದೇ ಪಂದ್ಯ. ಅಂಗಣದ ಮಗ್ಗುಲಲ್ಲಿ ಹದಿನಾಲ್ಕನೇ ಸಾಲು. ಮೆತ್ತನೆಯ ಕುರ್ಚಿ, ಕಾಫಿ ಲೋಟ ಇಡಲು ತೂತು, ಕಾಲು ಚಾಚಲು ಜಾಗ. ವಿದ್ಯಾರ್ಥಿಯಾಗಿದ್ದಾಗ ಈ ಕುರ್ಚಿಗಳನ್ನು ದೂರದಿಂದ ನೋಡಿದ್ದೆನೇ ಹೊರತು ಯಾವತ್ತೂ ಕೂತಿರಲಿಲ್ಲ.

ಪಂದ್ಯ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ನಮ್ಮ ಹುಡುಗನೊಬ್ಬ ಎದುರಾಳಿಯ ಕೈಯಿಂದ ಚೆಂಡು ಕಸಿದುಕೊಂಡು ಇಡೀ ಅಂಗಣ ಓಡಿ ಬುಟ್ಟಿಗೆ ಗುದ್ದಿದ. (‘ನಮ್ಮ’ ಎನ್ನುವುದು ಹದಿನೈದು ವರ್ಷವಾದರೂ ಹೋಗಿಲ್ಲ.) ನಾನು ಕಿರುಚಿಕೊಂಡು ಎದ್ದು ನಿಂತೆ. ನಿಂತೇ ಇದ್ದೆ. ಹಿಂದಿನಿಂದ ಯಾರೋ ಮೆಲ್ಲಗೆ ಹೆಗಲು ಮುಟ್ಟಿದರು. ಎಪ್ಪತ್ತರ ಹತ್ತಿರದ ಹಿರಿಯರು, ಕೆಂಪು ಸ್ವೆಟರ್. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಗೆ ಕನ್ನಡದಲ್ಲೇ ಬಿತ್ತು: “ನೋಡಪ್ಪಾ, ನನ್ನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ನೀನು ನಿಂತರೆ ನಾನೂ ನಿಲ್ಲಬೇಕಾಗುತ್ತೆ.”

ಕ್ಷಮೆ ಕೇಳಿ ಕೂತೆ. ಸುತ್ತ ನೋಡಿದರೆ ಆ ಇಡೀ ಭಾಗದಲ್ಲಿ ಎದ್ದವನು ನಾನೊಬ್ಬನೇ. ದೂರದಲ್ಲಿ ಬುಟ್ಟಿಯ ಹಿಂದೆ ಮಾತ್ರ ಕೆಂಪು ಬಟ್ಟೆಯ ವಿದ್ಯಾರ್ಥಿಗಳು ಇನ್ನೂ ಕುಣಿಯುತ್ತಿದ್ದರು. ಅವರ ಸದ್ದು ನಮ್ಮ ತನಕ ಬರುವಷ್ಟರಲ್ಲಿ ಪಕ್ಕದ ಮನೆಯ ಟಿ.ವಿ.ಯ ಹಾಗೆ ಕೇಳುತ್ತಿತ್ತು.

ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ನಿಲ್ಲಲು ಬಿಡಬೇಕು ಎಂಬುದು ಅಲ್ಲಿನ ಕಾಲೇಜುಗಳಲ್ಲಿ ದೊಡ್ಡ ವಿಷಯ. ಅದಕ್ಕಾಗಿ ಜಗಳಗಳಾಗಿವೆ, ಕಟ್ಟಡಗಳು ಬದಲಾಗಿವೆ. ಅದನ್ನು ಕಣ್ಣಾರೆ ನೋಡಲು ನಾನಿದ್ದ ಊರಿಗಿಂತ ಒಳ್ಳೆಯ ಜಾಗ ಇಲ್ಲ. ರಾಲಿ, ಡರ್ಹಮ್, ಚಾಪೆಲ್ ಹಿಲ್ ಮೂರೂ ಸೇರಿದರೆ ಒಂದು ತ್ರಿಕೋನ. ನಮ್ಮ ಐಟಿಯವರಿಗೆ ಗೊತ್ತಿರುವ ರಿಸರ್ಚ್ ಟ್ರಯಾಂಗಲ್ ಇದೇ. ರಾಲಿಯಿಂದ ಡರ್ಹಮ್‌ಗೆ 40 ಕಿಲೋಮೀಟರ್, ಅಲ್ಲಿಂದ ಚಾಪೆಲ್ ಹಿಲ್‌ಗೆ 16. ಮೂರು ಊರಿಗೂ ಒಂದೊಂದು ದೊಡ್ಡ ವಿಶ್ವವಿದ್ಯಾಲಯ: ನಮ್ಮ ನಾರ್ತ್ ಕೆರೊಲಿನಾ ಸ್ಟೇಟ್, ಡ್ಯೂಕ್, ಮತ್ತು ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ. ಒಂದರ ಅಭಿಮಾನಿ ಇನ್ನೊಂದರ ಬಣ್ಣದ ಅಂಗಿ ತೊಡುವುದಿಲ್ಲ.

ನಾನು ಅಲ್ಲಿಗೆ ಹೋದದ್ದು 2009ರ ಆಗಸ್ಟ್‌ನಲ್ಲಿ. ಹಾಸನದವನು, ಬಿ.ಇ. ಮೈಸೂರಿನಲ್ಲಿ. ಎವೆಂಟ್ ಫೆರಿ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ, ಒಂದು ಕುಕ್ಕರ್. ನವೆಂಬರ್ ಬರುವಷ್ಟರಲ್ಲಿ ಐದೂವರೆಗೇ ಕತ್ತಲಾಗುತ್ತಿತ್ತು. ಲ್ಯಾಬ್, ಬಸ್ಸು, ಅನ್ನ–ಸಾರು, ನಿದ್ದೆ. ಯಾರ ಜೊತೆಗೂ ದೊಡ್ಡ ದನಿಯಲ್ಲಿ ಮಾತಾಡದೆ ಮೂರು ತಿಂಗಳು ಕಳೆದಿದ್ದೆ. ಇದು ಹೊರಗೆ ಓದಿದ ಎಲ್ಲರಿಗೂ ಗೊತ್ತಿರುವ ಸಂಗತಿ, ಬೆಳೆಸುವುದಿಲ್ಲ. ಜನವರಿಯಲ್ಲಿ ರೂಮಿನ ತೆಲುಗು ಗೆಳೆಯ ಆನ್‌ಲೈನಿನಲ್ಲಿ ಹೆಸರು ಹಾಕಿ ಇಬ್ಬರಿಗೂ ವಿದ್ಯಾರ್ಥಿ ಟಿಕೆಟ್ ಗಿಟ್ಟಿಸಿದ. ಬಿಟ್ಟಿ ಎಂದ. ಬಿಟ್ಟಿ ಎಂದಮೇಲೆ ಹೊರಟೆ.

ಕ್ಯಾಂಪಸ್ಸಿನ ನಟ್ಟನಡುವೆ, ರೈಲು ಹಳಿಯ ಪಕ್ಕದಲ್ಲೇ ರೆನಾಲ್ಡ್ಸ್ ಕೊಲಿಸಿಯಂ ಎಂಬ ಹಳೆಯ ಇಟ್ಟಿಗೆ ಕಟ್ಟಡ ಇದೆ. 1949ರಿಂದ 1999ರವರೆಗೆ ಪುರುಷರ ತಂಡ ಆಡಿದ್ದು ಅಲ್ಲೇ. 12 ಸಾವಿರಕ್ಕೂ ಹೆಚ್ಚು ಜನ ಒತ್ತೊತ್ತಾಗಿ ಕೂರುತ್ತಿದ್ದರಂತೆ. ಹಾಸ್ಟೆಲ್ಲಿನಿಂದ ಚಪ್ಪಲಿ ಮೆಟ್ಟಿಕೊಂಡು ನಡೆದು ಹೋಗುವ ದೂರ. 1999ರಲ್ಲಿ ತಂಡವನ್ನು ಊರಾಚೆಯ ಹೊಸ ಅರೀನಾಕ್ಕೆ ಸಾಗಿಸಿದರು. 19 ಸಾವಿರಕ್ಕೂ ಹೆಚ್ಚು ಕುರ್ಚಿ, ದೊಡ್ಡ ಪಾರ್ಕಿಂಗ್, ಐಷಾರಾಮಿ ಪೆಟ್ಟಿಗೆ ಕೋಣೆಗಳು. ವೃತ್ತಿಪರ ಐಸ್ ಹಾಕಿ ತಂಡದ ಜೊತೆ ಹಂಚಿಕೊಂಡ ಕಟ್ಟಡ ಅದು. ಹಾಕಿಯ ಮಂಜಿನ ಹಾಸು 200 ಅಡಿ ಉದ್ದ, 85 ಅಡಿ ಅಗಲ. ಬ್ಯಾಸ್ಕೆಟ್‌ಬಾಲ್ ಅಂಗಣ 94 ಅಡಿಗೆ 50 ಅಡಿ. ಮಂಜಿನ ಮೇಲೆ ಹಲಗೆ ಜೋಡಿಸಿ, ಅದರ ಮೇಲೆ ಮರದ ಅಂಗಣ ಹಾಸಿ ಆಡುತ್ತಾರೆ. ನಡುವಿನ ಖಾಲಿ ಜಾಗಕ್ಕೆ ಎಳೆದು ಹಾಕುವ ಸಾಲುಗಳನ್ನು ತರುತ್ತಾರೆ, ನಿಜ. ಆದರೆ ಕಟ್ಟಡದ ಅಳತೆಯೇ ಹಾಕಿಯದು. ದೊಡ್ಡಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ.

ಆ ಕಟ್ಟಡಕ್ಕೆ ನಾನು ಹೋದಾಗ ಒಂದು ಬ್ಯಾಂಕಿನ ಹೆಸರಿತ್ತು, ಆಮೇಲೆ ಇನ್ನೊಂದು ಬ್ಯಾಂಕಿನದು ಬಂತು, 2024ರಿಂದ ಲೆನೊವೊ ಸೆಂಟರ್. ಈ ಸಲ ಹೋದಾಗ ನನ್ನ ಬೆನ್ನಿನ ಬ್ಯಾಗಿನಲ್ಲೂ ಅದೇ ಹೆಸರಿನ ಲ್ಯಾಪ್‌ಟಾಪ್ ಇತ್ತು. ಬ್ಯಾಗನ್ನು ಒಳಗೆ ಬಿಡಲಿಲ್ಲ, ಕಾರಿನಲ್ಲಿಟ್ಟು ಬಂದೆ.

2010ರ ಜನವರಿ 20ಕ್ಕೆ ಬರೋಣ. ಎದುರಾಳಿ ಡ್ಯೂಕ್. ನಮ್ಮದು ಆ ವರ್ಷಗಳಲ್ಲಿ ಸೋಲುವುದನ್ನೇ ಅಭ್ಯಾಸ ಮಾಡಿಕೊಂಡಿದ್ದ ತಂಡ. ನಾವಿದ್ದದ್ದು ಬುಟ್ಟಿಯ ಹಿಂದಿನ ವಿದ್ಯಾರ್ಥಿಗಳ ಭಾಗದಲ್ಲಿ. ಕುರ್ಚಿಗಳಿದ್ದವು, ಆದರೆ ಕೂತವರಿಲ್ಲ. ಒಂದು ಕಡೆಯವರು “ವುಲ್ಫ್” ಎಂದು ಕೂಗಿದರೆ ಎದುರಿನವರು “ಪ್ಯಾಕ್” ಎನ್ನಬೇಕು. ತೋಳಗಳ ಹಿಂಡು, ಅದೇ ತಂಡದ ಹೆಸರು. ಮೊದಲು ನಾಚಿಕೆಯಾಯಿತು. ಎರಡನೇ ಸಲ ಬಾಯಿ ತೆರೆದೆ. ಡ್ಯೂಕ್ ಆಟಗಾರ ಫ್ರೀ ಥ್ರೋ ಹೊಡೆಯಲು ನಿಂತಾಗ ನಾವು ನೂರಾರು ಜನ ಅವನ ಕಣ್ಣೆದುರು ಕೈ ಬೀಸಿ ಹುಯಿಲೆಬ್ಬಿಸಬೇಕು. ಹದಿನೈದು ಅಡಿಯಿಂದ, ಯಾರೂ ಅಡ್ಡ ಬರದೆ, ಸುಮ್ಮನೆ ಎಸೆಯುವ ಚೆಂಡು. ಅದು ತಪ್ಪಿದರೆ ಆ ಪಾಯಿಂಟಿನಲ್ಲಿ ನಮ್ಮದೂ ಒಂದು ಪಾಲು. ಆ ರಾತ್ರಿ 88–74ರಲ್ಲಿ ಗೆದ್ದೆವು. ವಿದ್ಯಾರ್ಥಿಗಳು ಅಂಗಣಕ್ಕೆ ನುಗ್ಗಿದರು, ನಾನೂ ನುಗ್ಗಿದೆ. ಯಾವನೋ ಆರೂವರೆ ಅಡಿಯ ಹುಡುಗ ನನ್ನನ್ನು ಅನಾಮತ್ತಾಗಿ ಎತ್ತಿ ಇಳಿಸಿದ. ಅದೇ ಡ್ಯೂಕ್ ತಂಡ ಏಪ್ರಿಲ್‌ನಲ್ಲಿ ದೇಶದ ಚಾಂಪಿಯನ್ ಆಯಿತು ಎಂಬುದನ್ನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಮಾರನೆಯ ದಿನ ಲ್ಯಾಬಿನಲ್ಲಿ ದನಿಯೇ ಹೊರಡಲಿಲ್ಲ. ಗೈಡ್ ನಕ್ಕು, “ಈಗ ನೀನು ಇಲ್ಲಿಯವನು” ಎಂದರು. ಮನೆ ಬಿಟ್ಟಮೇಲೆ ಯಾರಾದರೂ ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಆದರೆ ಅಂಥ ರಾತ್ರಿ ವರ್ಷಕ್ಕೆ ಒಂದೋ ಎರಡೋ. ಸಣ್ಣ ತಂಡಗಳು ಬಂದ ದಿನ ಚಳಿಯಲ್ಲಿ ಬಸ್ಸು ಕಾದು ಊರಾಚೆಗೆ ಹೋಗಲು ಯಾರಿಗೆ ಮನಸ್ಸಿರುತ್ತದೆ? ಕ್ಯಾಂಪಸ್ಸಿನಲ್ಲೇ ಅಂಗಣ ಇದ್ದಿದ್ದರೆ ಊಟ ಮುಗಿಸಿ ಹಾಗೇ ಒಂದು ಸುತ್ತು ಹೋಗಿಬರಬಹುದಿತ್ತು. ವಾತಾವರಣದ ಬಗ್ಗೆ ಮಾತಾಡುವವರು ಡ್ರಮ್ಮು, ಟೀಶರ್ಟು, ದೊಡ್ಡ ಪರದೆ ಎಂದೆಲ್ಲ ಹೇಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಹಾಸ್ಟೆಲ್ ಬಾಗಿಲಿಂದ ಅಂಗಣದ ಬಾಗಿಲಿಗೆ ಎಷ್ಟು ಹೆಜ್ಜೆ ಎಂಬುದನ್ನು.

ಹೆಜ್ಜೆಯ ಲೆಕ್ಕ ಗೊತ್ತಾಗುವುದು ಡ್ಯೂಕ್‌ನಲ್ಲಿ. ಅಲ್ಲಿ ನನ್ನ ದಾವಣಗೆರೆಯ ಗೆಳೆಯನೊಬ್ಬ ಪಿಎಚ್‌.ಡಿ. ಮಾಡುತ್ತಿದ್ದ. ಕ್ಯಾಮರೂನ್ ಇಂಡೋರ್ ಸ್ಟೇಡಿಯಂ 1940ರ ಜನವರಿಯಲ್ಲಿ ತೆರೆದದ್ದು. ಹೊರಗಿನಿಂದ ನೋಡಿದರೆ ಹಳೆಯ ಗ್ರಂಥಾಲಯದ ಹಾಗಿದೆ, ಕಲ್ಲು ಗೋಡೆ, ಉದ್ದ ಕಿಟಕಿ. ಹಿಡಿಸುವುದು 9,314 ಜನ, ನಮ್ಮ ಅರೀನಾದ ಅರ್ಧಕ್ಕೂ ಕಡಿಮೆ. ವಿದ್ಯಾರ್ಥಿಗಳಿಗೆ ಕುರ್ಚಿಯೇ ಇಲ್ಲ, ಅಂಗಣಕ್ಕೆ ಅಂಟಿಕೊಂಡ ಮೆಟ್ಟಿಲುಸಾಲಿನ ಬೆಂಚುಗಳಷ್ಟೇ. ದುಡ್ಡು ಕೊಟ್ಟ ದೊಡ್ಡವರು ಮೇಲಿನ ಅಂತಸ್ತಿನಲ್ಲಿ ಕೂರುತ್ತಾರೆ. ನಮ್ಮಲ್ಲಿ ಹೇಗೆ? ಬಿ.ಇ. ಓದುವಾಗ ಅಂತರ ಕಾಲೇಜು ಪಂದ್ಯಗಳಲ್ಲಿ ಅಂಗಣದ ಪಕ್ಕ ಶಾಮಿಯಾನ, ಟರ್ಕಿ ಟವೆಲ್ ಹಾಸಿದ ಸೋಫಾ, ಮುಖ್ಯ ಅತಿಥಿಗಳಿಗೆ ಬಾದಾಮಿ ಹಾಲು. ನಾವು ಹಗ್ಗದ ಆಚೆ ಬಿಸಿಲಲ್ಲಿ. ಮೊದಲರ್ಧ ಮುಗಿಯುವ ಮೊದಲೇ ಅತಿಥಿಗಳು ಹೊರಟುಬಿಡುತ್ತಿದ್ದರು, ಸೋಫಾಗಳು ಕೊನೆಯ ತನಕ ಖಾಲಿ ಆಟ ನೋಡುತ್ತಿದ್ದವು.

ಗೆಳೆಯ ಒಂದು ದಿನ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಅವನ ಪ್ರೊಫೆಸರ್ ಊರಲ್ಲಿರಲಿಲ್ಲ, ಅವರ ಎರಡು ಸೀಟು ಸಿಕ್ಕಿದ್ದವು. ಮೇಲಿನಿಂದ ಕೆಳಗೆ ನೋಡಿದರೆ ನೀಲಿ ಬಣ್ಣ ಬಳಿದುಕೊಂಡ ಮುಖಗಳು, ಒಬ್ಬರ ಬೆನ್ನಿಗೆ ಒಬ್ಬರು, ಇಡೀ ಬೆಂಚು ಒಟ್ಟಿಗೆ ಮೇಲೆ ಕೆಳಗೆ. ಎದುರಾಳಿ ಆಟಗಾರ ಗೆರೆಯಾಚೆಯಿಂದ ಚೆಂಡು ಒಳಗೆ ಎಸೆಯಲು ನಿಂತರೆ, ಮುಂದಿನ ಸಾಲಿನವರು ಕೈ ಚಾಚಿದರೆ ಅವನ ಬೆನ್ನು ಸಿಗುವಂತಿತ್ತು. ಮೇಲೆ ಕೂತ ನನಗೂ ಎದೆಯೊಳಗೆ ಸದ್ದು. ಶತ್ರು ಪಾಳೆಯದಲ್ಲಿ ಕೆಂಪು ಅಂಗಿಯನ್ನು ಜಾಕೆಟ್ಟಿನೊಳಗೆ ಮುಚ್ಚಿಕೊಂಡು ಕೂತಿದ್ದೆ.

ಆ ಬೆಂಚು ಸಿಗುವುದು ಸುಲಭವಲ್ಲ. ಸ್ಟೇಡಿಯಂ ಹೊರಗಿನ ಹುಲ್ಲಿನ ಮೇಲೆ ಡೇರೆ ಹಾಕಿ ಮಲಗುವ ಪದ್ಧತಿ 1986ರಲ್ಲಿ ಶುರುವಾಯಿತು. ಆ ಜಾಗಕ್ಕೆ ಕೋಚ್ ಮೈಕ್ ಶಿಷೆವ್‌ಸ್ಕಿಯವರ ಹೆಸರಿನ ಮೊದಲಕ್ಷರ ಹಿಡಿದು ಕೆ–ವಿಲ್ ಎನ್ನುತ್ತಾರೆ. ಒಂದು ಡೇರೆಗೆ ಹನ್ನೆರಡು ಜನ. ಪಾಳಿಯ ಮೇಲೆ ಮಲಗುತ್ತಾರೆ, ಯಾವ ಹೊತ್ತಿನಲ್ಲಾದರೂ ಹಾಜರಿ ತೆಗೆಯುತ್ತಾರೆ. ಇರಬೇಕಾದಷ್ಟು ಜನ ಇಲ್ಲದಿದ್ದರೆ ಡೇರೆ ಸಾಲಿನ ಕೊನೆಗೆ. ಚಾಪೆಲ್ ಹಿಲ್ ವಿರುದ್ಧದ ಪಂದ್ಯಕ್ಕೆ ವಾರಗಟ್ಟಲೆ ಹೀಗೆ. ನನ್ನ ಗೆಳೆಯನಂಥ ಸ್ನಾತಕೋತ್ತರದವರಿಗೆ ಸೆಪ್ಟೆಂಬರಿನಲ್ಲಿ ಒಂದು ವಾರಾಂತ್ಯದ ಶಿಬಿರ. ಮಧ್ಯರಾತ್ರಿ ಮೂರಕ್ಕೆ ಸೈರನ್ ಊದಿದಾಗ ಅವನು ಅಲ್ಲಿದ್ದ, ಬೆಳಿಗ್ಗೆಯೂ ಇದ್ದ. ಆಮೇಲೆ ಲಾಟರಿಯಲ್ಲಿ ಹೆಸರು ಬರಲಿಲ್ಲ. “ತಿರುಪತಿ ಕ್ಯೂನೇ ವಾಸಿ ಕಣೋ, ಅಲ್ಲಿ ಕೊನೆಗೆ ಲಾಡಾದರೂ ಸಿಗತೈತಿ” ಎಂದಿದ್ದ. ಆದರೂ ಮುಂದಿನ ವರ್ಷ ಮತ್ತೆ ಹೋದ. ಜೊತೆಯಲ್ಲಿ ಕಾದವರೇ ಮುಂದೆ ಜೊತೆಯಲ್ಲಿ ಕೂಗುತ್ತಾರೆ. ಒಳಗಿನ ಗದ್ದಲದ ಅರ್ಧ ತಯಾರಾಗುವುದು ಹೊರಗಿನ ಆ ಚಳಿಯಲ್ಲೇ.

ಸದ್ದು ಹೆಚ್ಚಿಸುವುದೊಂದೇ ಗುರಿಯಾದರೆ ಏನಾಗುತ್ತದೆ ಎಂಬುದಕ್ಕೂ ಡ್ಯೂಕ್‌ನದೇ ಕತೆ ಇದೆ. 1984ರ ಜನವರಿಯಲ್ಲಿ ಮೇರಿಲ್ಯಾಂಡ್ ತಂಡದ ಆಟಗಾರನೊಬ್ಬನ ವೈಯಕ್ತಿಕ ವಿಷಯ ಹಿಡಿದು ಇಲ್ಲಿನ ವಿದ್ಯಾರ್ಥಿಗಳು ಬಹಳ ಕೀಳಾಗಿ ನಡೆದುಕೊಂಡರು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು ಟೆರಿ ಸ್ಯಾನ್‌ಫರ್ಡ್, ಹಿಂದೆ ರಾಜ್ಯದ ಗವರ್ನರ್ ಆಗಿದ್ದವರು. ಅವರು ಯಾರ ಟಿಕೆಟ್ಟನ್ನೂ ಕಿತ್ತುಕೊಳ್ಳಲಿಲ್ಲ. ಒಂದು ಪತ್ರ ಬರೆದರು, ಹೊಲಸು ಮಾತಿಲ್ಲದೆಯೂ ಚುರುಕಾಗಿರಬಹುದಲ್ಲ ಎಂದು, ಕೆಳಗೆ ‘ಅಂಕಲ್ ಟೆರಿ’ ಎಂದು ಸಹಿ. ಮುಂದಿನ ಪಂದ್ಯ ಚಾಪೆಲ್ ಹಿಲ್ ಜೊತೆ. ವಿದ್ಯಾರ್ಥಿಗಳು ಅಲ್ಯುಮಿನಿಯಂ ಹಾಳೆಯ ಪ್ರಭಾವಳಿ ಮಾಡಿ ತಲೆಗೆ ಕಟ್ಟಿಕೊಂಡು ದೇವದೂತರಾಗಿ ಬಂದರು. ರೆಫರಿಯ ತೀರ್ಪು ಹಿಡಿಸದಾಗ ಹಳೆಯ ಬೈಗುಳದ ಬದಲು, ‘ತಮ್ಮ ಮಾತನ್ನು ಒಪ್ಪಲಾಗದು ಸ್ವಾಮಿ’ ಎಂಬರ್ಥದ ಸಭ್ಯ ಘೋಷಣೆಯನ್ನು ಸಾಮೂಹಿಕವಾಗಿ ಕೂಗಿದರು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿರಬೇಕು.

ಇನ್ನೊಂದು ಮಾತು. ಡ್ಯೂಕ್ ಕ್ಯಾಂಪಸ್ಸಿನ ಬಹುಪಾಲು ಕಟ್ಟಡಗಳ ಹಾಗೆ ಈ ಸ್ಟೇಡಿಯಂ ಕೂಡ ಫಿಲಡೆಲ್ಫಿಯಾದ ಜೂಲಿಯನ್ ಏಬಲ್ ಎಂಬ ವಾಸ್ತುಶಿಲ್ಪಿಯ ಕೈಯದು. ಅವರು ಕಪ್ಪು ಜನಾಂಗದವರು. ಡ್ಯೂಕ್ ಕಪ್ಪು ವಿದ್ಯಾರ್ಥಿಗಳನ್ನು ಪದವಿ ತರಗತಿಗೆ ಸೇರಿಸಿಕೊಂಡದ್ದು 1963ರಲ್ಲಿ. ಇಷ್ಟು ಹೆಸರುವಾಸಿಯಾದ ಆ ವಿದ್ಯಾರ್ಥಿ ಬೆಂಚುಗಳ ಮೇಲೆ, ಅದನ್ನು ಬರೆದವರ ಮಕ್ಕಳು ವಿದ್ಯಾರ್ಥಿಗಳಾಗಿ ನಿಲ್ಲುವಂತಿರಲಿಲ್ಲ. 2016ರಲ್ಲಿ ಮುಖ್ಯ ಅಂಗಳಕ್ಕೆ ಅವರ ಹೆಸರಿಟ್ಟರು.

ಅಲ್ಲಿಂದ 16 ಕಿಲೋಮೀಟರ್ ದೂರದ ಚಾಪೆಲ್ ಹಿಲ್‌ನದು ತದ್ವಿರುದ್ಧ ಸಮಸ್ಯೆ. ಅವರ ಡೀನ್ ಸ್ಮಿತ್ ಸೆಂಟರ್ 1986ರ ಜನವರಿಯಲ್ಲಿ ತೆರೆಯಿತು. 21 ಸಾವಿರಕ್ಕೂ ಹೆಚ್ಚು ಕುರ್ಚಿ. ಸರ್ಕಾರದ ದುಡ್ಡಲ್ಲ, ಅಭಿಮಾನಿಗಳ ದೇಣಿಗೆಯಿಂದ ಎದ್ದ ಕಟ್ಟಡ. ದೊಡ್ಡ ದೇಣಿಗೆ ಕೊಟ್ಟವರಿಗೆ ಅಂಗಣದ ಹತ್ತಿರದ ಒಳ್ಳೆಯ ಸೀಟು. ನ್ಯಾಯವೇ, ಅವರಿಲ್ಲದೆ ಕಟ್ಟಡವೇ ಇರುತ್ತಿರಲಿಲ್ಲ. ಆದರೆ ವರ್ಷ ಕಳೆದಂತೆ ಆ ಹತ್ತಿರದ ಸಾಲುಗಳಲ್ಲಿ ಕೋಟು ತೊಟ್ಟವರು, ತಡವಾಗಿ ಬರುವವರು, ಟ್ರಾಫಿಕ್ ತಪ್ಪಿಸಲು ಬೇಗ ಹೊರಡುವವರು. 1991ರಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಅಲ್ಲಿ ಗೆದ್ದಮೇಲೆ ಸ್ಯಾಮ್ ಕಸೆಲ್ ಎಂಬ ಆಟಗಾರ, ಇದು ಡ್ಯೂಕ್ ತರಹದ ಜನ ಅಲ್ಲ, ಚೀಸ್ ಮತ್ತು ವೈನ್ ಜನ ಎಂದುಬಿಟ್ಟ. ಆ ಮಾತು ಇವತ್ತಿಗೂ ಅವರ ಬೆನ್ನು ಬಿಟ್ಟಿಲ್ಲ.

ಆಮೇಲೆ 2000ದ ಜನವರಿಯಲ್ಲಿ ಹಿಮ ಬಿತ್ತು. ರಾಲಿ–ಡರ್ಹಮ್ ವಿಮಾನ ನಿಲ್ದಾಣದಲ್ಲಿ ಸುಮಾರು 20 ಇಂಚು, ಆ ಊರಿಗೆ ದಾಖಲೆ. ರಸ್ತೆಗಳು ಮುಚ್ಚಿಹೋದವು. ಆ ವಾರವೇ ಮೇರಿಲ್ಯಾಂಡ್ ವಿರುದ್ಧ ಪಂದ್ಯ. ಟಿಕೆಟ್ ಇದ್ದ ದೂರದೂರಿನವರು ಬರುವಂತಿರಲಿಲ್ಲ. ವಿದ್ಯಾರ್ಥಿಗಳು ಹಾಸ್ಟೆಲ್ಲಿನಿಂದ ಹಿಮ ತುಳಿದುಕೊಂಡು ನಡೆದು ಬಂದರು, ಅವರನ್ನು ಕೆಳಗಿನ ಸಾಲುಗಳಿಗೆ ಬಿಟ್ಟರು. ಕಟ್ಟಡ ಅದೇ, ತಂಡ ಅದೇ, ಕುರ್ಚಿಗಳೂ ಅವೇ. ಆ ಸ್ಟೇಡಿಯಂನಲ್ಲಿ ಹಿಂದೆಂದೂ ಅಂಥ ಗದ್ದಲ ಕೇಳಿರಲಿಲ್ಲ ಎಂದು ಚಾಪೆಲ್ ಹಿಲ್ಲಿನ ಹಳಬರು ಈಗಲೂ ಹೇಳುತ್ತಾರೆ. ಸಾಫ್ಟ್‌ವೇರ್‌ನವನಿಗೆ ಇದಕ್ಕಿಂತ ಚೆಂದದ ಟೆಸ್ಟ್ ಬೇಕೆ? ಉಳಿದದ್ದೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡಿದ ಹಾಗೆ. ಅದೇ ವರ್ಷ ಹೊಸ ಕೋಚ್ ಮ್ಯಾಟ್ ಡೊಹರ್ಟಿ ಬಂದರು. ಒಂದು ಬುಟ್ಟಿಯ ಹಿಂದೆ ವಿದ್ಯಾರ್ಥಿಗಳು ನಿಂತು ನೋಡಲು ಮೆಟ್ಟಿಲು ಹಾಸು ಬಂತು. ಕುರ್ಚಿ ಇಲ್ಲ, ಕೂರುವ ಪ್ರಶ್ನೆಯೇ ಇಲ್ಲ. ಇಡೀ ಕಟ್ಟಡಕ್ಕೆ ಹೋಲಿಸಿದರೆ ಅದು ಒಂದು ಮೂಲೆ ಅಷ್ಟೇ, ಮಗ್ಗುಲಿನ ಸಾಲುಗಳು ದಾನಿಗಳದ್ದೇ. ಆದರೂ ಟಿ.ವಿ.ಯಲ್ಲಿ ಫ್ರೀ ಥ್ರೋ ತೋರಿಸಿದಾಗ ಹಿಂದೆ ಈಗ ತಿಳಿನೀಲಿ ಕಡಲು ಕಾಣುತ್ತದೆ.

ಈ ಹಿಮದ ಕತೆ ನನ್ನ ತಲೆಯಲ್ಲಿ ಕೂತಿರುವುದಕ್ಕೆ ಬೇರೆಯೇ ಕಾರಣ ಇದೆ. ಪುಣೆಯ ನಮ್ಮ ಬಡಾವಣೆಯ ಕನ್ನಡ ಬಳಗಕ್ಕೆ ನಾನು ಖಜಾಂಚಿ. ಕಳೆದ ನವೆಂಬರಿನ ರಾಜ್ಯೋತ್ಸವಕ್ಕೆ ಮೊದಲ ಮೂರು ಸಾಲಿಗೆ ‘ಕಾಯ್ದಿರಿಸಲಾಗಿದೆ’ ಎಂಬ ಚೀಟಿ ಅಂಟಿಸಿದವನು ನಾನೇ, ದಾನಿಗಳ ಪಟ್ಟಿ ನನ್ನ ಹತ್ತಿರವೇ ಇತ್ತಲ್ಲ. ಧಾರವಾಡದಿಂದ ಬಂದಿದ್ದ ಗಾಯಕರು ಹಾಡು ಮುಗಿಸಿ ಕಾದರು, ಚಪ್ಪಾಳೆ ಬಂದದ್ದು ಹಾಲಿನ ಹಿಂದಿನ ಬಾಗಿಲ ಹತ್ತಿರದಿಂದ. ಅಲ್ಲಿ ಪಿ.ಜಿ.ಗಳಲ್ಲಿರುವ ನಮ್ಮ ಹುಡುಗರು, ಹುಡುಗಿಯರು ನಿಂತಿದ್ದರು. ಮೊದಲ ವರ್ಷದ ನೌಕರಿಯವರು, ಊರು ಬಿಟ್ಟು ಬಂದವರು. ಮುಂದಿನ ಎರಡು ಸಾಲು ಅರ್ಧ ಖಾಲಿ. ಇನ್ನೂರು ರೂಪಾಯಿ ಕೊಡುವ ಹುಡುಗರಿಂದ ಹಾಲಿನ ಬಾಡಿಗೆ ಹುಟ್ಟುವುದಿಲ್ಲ ಎಂಬುದೂ ನನಗೆ ಲೆಕ್ಕ ಸಮೇತ ಗೊತ್ತು. ಈ ವರ್ಷ ಎಡಗಡೆಯ ಮೊದಲ ನಾಲ್ಕು ಸಾಲಿನ ಕುರ್ಚಿ ತೆಗೆದು ಜಮಖಾನ ಹಾಸೋಣ ಎಂದು ಸಮಿತಿಯಲ್ಲಿ ಹೇಳಿದ್ದೇನೆ. ಹೇಳಿ ಎರಡು ಸಭೆ ಕಳೆದಿದೆ. “ನೋಡೋಣ ಸರ್” ಎಂಬಲ್ಲಿಗೆ ನಿಂತಿದೆ.

ರಾಲಿಯ ಆ ಶನಿವಾರದ ಪಂದ್ಯಕ್ಕೆ ಮರಳುತ್ತೇನೆ. ಅರ್ಧ ವಿರಾಮದಲ್ಲಿ ಹಿಂದಿನ ಸಾಲಿನ ಹಿರಿಯರ ಜೊತೆ ಮಾತಿಗೆ ನಿಂತೆ. ಅವರೂ ಇಲ್ಲೇ ಓದಿದವರು. ರೆನಾಲ್ಡ್ಸ್‌ನಲ್ಲಿ ಟಿಕೆಟ್ಟಿಗಾಗಿ ರಾತ್ರಿ ಹೊರಗೆ ಮಲಗಿದ್ದು, 1974ರಲ್ಲಿ ತಂಡ ಮೊದಲ ಸಲ ದೇಶದ ಚಾಂಪಿಯನ್ ಆದಾಗ ಬೀದಿಯಲ್ಲಿ ಕುಣಿದದ್ದು, ಎಲ್ಲ ಹೇಳಿದರು. ಅರೀನಾ ಶುರುವಾದಾಗಿನಿಂದ ಇದೇ ಎರಡು ಸೀಟು. ಪಕ್ಕದ ಸೀಟು ಹೆಂಡತಿಯದು, ಮೂರು ವರ್ಷದಿಂದ ಅದರ ಮೇಲೆ ಕೋಟು ಇಡುತ್ತಾರೆ. “ನಾನೂ ನಿಂತೇ ನೋಡುತ್ತಿದ್ದೆ, ಗೊತ್ತಾ?” ಎಂದರು. ಅವರಿಗೆ ನಾನು ಏನು ಹೇಳಲಿ? ಸೀಟು ಬಿಟ್ಟುಕೊಡಿ, ಹುಡುಗರು ಬರಲಿ ಎನ್ನಲೇ?

ಕೊನೆಯ ಎರಡು ನಿಮಿಷ ಪಂದ್ಯ ಹತ್ತಿರ ಹತ್ತಿರ ಇತ್ತು. ನಮ್ಮ ಮುಂದಿನ ಸಾಲಿನವರು ಎದ್ದರು, ಅವರ ಮುಂದಿನವರೂ ಎದ್ದರು. ನಾನು ಹಿಂದೆ ತಿರುಗಿ ನೋಡಿದೆ. ಅವರು ಕೈಯಾಡಿಸಿ ಏಳು ಎಂದರು. ಎದ್ದೆ. ಸ್ವಲ್ಪ ಹೊತ್ತಿಗೆ ನನ್ನ ಹೆಗಲ ಮೇಲೆ ಭಾರ ಬಿತ್ತು. ಆಸರೆಗೆ ಹಿಡಿದುಕೊಂಡು ಅವರೂ ನಿಂತಿದ್ದರು. “ವುಲ್ಫ್” ಎಂದು ಆ ಕಡೆಯಿಂದ ಬಂತು. ಕಿವಿಯ ಪಕ್ಕದಲ್ಲೇ ಎಪ್ಪತ್ತರ ದನಿ “ಪ್ಯಾಕ್” ಎಂದಿತು.

ಹೊರಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಹೆಚ್ಚು. ಕ್ಯಾಂಪಸ್ ಬಸ್ಸಿಗೆ ವಿದ್ಯಾರ್ಥಿಗಳು ಉದ್ದಕ್ಕೆ ನಿಂತಿದ್ದರು, ಬಹಳ ಜನಕ್ಕೆ ಜಾಕೆಟ್ ಕೂಡ ಇಲ್ಲ. ಮುಖದ ಕೆಂಪು ಬಣ್ಣ ಅರ್ಧ ಅಳಿಸಿಹೋಗಿದ್ದ ಒಬ್ಬ ಹುಡುಗ ನಮ್ಮ ಕಡೆಯವನ ಹಾಗೆ ಕಂಡ. ಮೊಬೈಲಿನಲ್ಲಿ ಜೋರಾಗಿ, ಒಡೆದ ದನಿಯಲ್ಲಿ, ಯಾರಿಗೋ ತಮಿಳಿನಲ್ಲಿ ಪಂದ್ಯದ ಕತೆ ಹೇಳುತ್ತಿದ್ದ. ಅಲ್ಲಿ ಆಗ ಬೆಳಗಿನ ಜಾವ ಇರಬೇಕು, ಪಾಪ, ಅಮ್ಮನನ್ನೇ ಎಬ್ಬಿಸಿದ್ದನೋ ಏನೋ.

ಕಾರಿನಲ್ಲಿ ಕೂತು ದಾವಣಗೆರೆಯ ಗೆಳೆಯನಿಗೆ ಒಂದು ಫೋಟೊ ಕಳಿಸಿದೆ. ಅವನೀಗ ಹೈದರಾಬಾದಿನಲ್ಲಿದ್ದಾನೆ. ಬೆಳಿಗ್ಗೆ ಎದ್ದಾಗ ಉತ್ತರ ಬಂದಿತ್ತು: “ಯಾವ ಸಾಲು?” ಹದಿನಾಲ್ಕನೆಯದು, ಮಗ್ಗುಲು, ಮೆತ್ತನೆ ಕುರ್ಚಿ ಎಂದು ಬರೆದೆ.

“ವಯಸ್ಸಾತು ಬಿಡಲೇ ನಿಂಗ” ಎಂದ.